ಮನೆಯಂಗಳದ ವಿಜ್ಞಾನ: ಮೊದಲು ಕಿವಿ, ಆಮೇಲೆ ಬಾಯಿ



ಈ ತಿಂಗಳು ನನ್ನ ಕೈಸೇರಿದ ಓಲೆಗಳಲ್ಲಿ ಒಂದನ್ನು ಓದಿ ಬದಿಗಿಡಲು ಮನಸ್ಸಾಗಲಿಲ್ಲ. ಕಡೂರು ತಾಲ್ಲೂಕಿನ ಸಿಂಗಟಗೆರೆಯಿಂದ ಒಬ್ಬ ತಾಯಿ ಬರೆದ ಓಲೆ ಅದು. ಹೆಸರನ್ನು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ವಿಷಯವನ್ನು ಮಾತ್ರ ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ.

ಅವರ ನಾದಿನಿಯನ್ನು ಮೂಡಿಗೆರೆಯ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. 2019ರ ಆಗಸ್ಟ್ ತಿಂಗಳಿನ ಮಹಾಮಳೆಗೆ ಆ ಸೀಮೆಯ ಗುಡ್ಡಗಳು ಕುಸಿದು, ಚಾರ್ಮಾಡಿ ಘಟ್ಟದ ದಾರಿ ಮುಚ್ಚಿದ ಸಂಗತಿಯು ಅನೇಕರಿಗೆ ನೆನಪಿರಬಹುದು. ಆಗ ನಾದಿನಿಯ ಊರಿನಲ್ಲಿ ವಿದ್ಯುತ್ತು ನಿಂತಿತು. ಅದರ ಬೆನ್ನಿಗೇ ಮೊಬೈಲೂ ಮೂಕವಾಯಿತು. ಮೂರು ದಿವಸ ಯಾವ ಸುದ್ದಿಯೂ ಇಲ್ಲ. ಇವರ ಅತ್ತೆಯವರು ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕುಳಿತವರು ಊಟಕ್ಕೆ ಕರೆದರೂ ಏಳಲಿಲ್ಲವಂತೆ. ನಾಲ್ಕನೆಯ ದಿವಸ “ಎಲ್ಲರೂ ಕ್ಷೇಮ” ಎಂಬ ಮಾತು ಬಂದಾಗ ಮನೆಯವರೆಲ್ಲರೂ ಅತ್ತರಂತೆ.

ಆಗ ಎರಡನೆಯ ತರಗತಿಯಲ್ಲಿದ್ದ ಅವರ ಮಗನು ಈಗ ಹೈಸ್ಕೂಲಿನಲ್ಲಿದ್ದಾನೆ. ಅಜ್ಜಿ ಜಗುಲಿಯಲ್ಲಿ ಕುಳಿತಿದ್ದ ಆ ಚಿತ್ರವು ಅವನ ಮನಸ್ಸಿನಿಂದ ಅಳಿದಿಲ್ಲ. ಕಂಬವೂ ಕಂಪೆನಿಯೂ ಇಲ್ಲದೆ ಮನೆಯಿಂದ ಮನೆಗೆ ಮಾತನಾಡುವ ‘ಹ್ಯಾಮ್ ರೇಡಿಯೋ’ ಎಂಬುದೊಂದು ಉಂಟೆಂದು ಎಲ್ಲಿಯೋ ಓದಿ, ಹಬ್ಬಗಳಲ್ಲಿ ದೊರೆತ ಕಾಸನ್ನೆಲ್ಲ ಕೂಡಿಟ್ಟು, ಕೈಯಲ್ಲಿ ಹಿಡಿಯುವ ಒಂದು ಯಂತ್ರವನ್ನು ತರಿಸಿಕೊಡಬೇಕೆಂದು ಹಟ ಹಿಡಿದಿದ್ದಾನೆ. “ಅದು ಪೊಲೀಸರ ಸಾಮಾನು, ಮನೆಗೆ ಬೇಡ” ಎಂದು ತಾತನವರ ಮಾತು. “ಪರೀಕ್ಷೆಯ ಅಂಕ ಹಾಳಾಗುತ್ತದೆ” ಎಂದು ತಂದೆಯವರ ಮಾತು. ನಡುವೆ ಸಿಕ್ಕಿಕೊಂಡಿರುವ ತಾಯಿ ನನ್ನನ್ನು ಮೂರು ಪ್ರಶ್ನೆ ಕೇಳಿದ್ದಾರೆ: ಇದು ಆಟವೋ, ವಿದ್ಯೆಯೋ? ಈಗಲೇ ಯಂತ್ರವನ್ನು ಕೊಡಿಸಬಹುದೋ? ಮತ್ತೆ ಅಂಥ ಮಳೆ ಬಂದರೆ ನಮ್ಮತ್ತೆಯವರ ಸಂಕಟವು ಇದರಿಂದ ತಪ್ಪುವುದೋ?

ತಾಯಿ, ಒಂದೊಂದಾಗಿ ಉತ್ತರ ಹೇಳುತ್ತೇನೆ.

ಇದು ಆಟವೂ ಹೌದು, ವಿದ್ಯೆಯೂ ಹೌದು. ಲಾಭದ ಆಸೆಯಿಲ್ಲದೆ, ಕಲಿಯುವ ಹಂಬಲದಿಂದ ರೇಡಿಯೋ ಕಟ್ಟಿ ಮಾತನಾಡುವವರಿಗೆ ಹವ್ಯಾಸಿಗಳೆಂದು ಹೆಸರು. ಈ ಹವ್ಯಾಸವು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲಿ 30 ವಾಟಿನ ಪುಟ್ಟ ಪ್ರಸಾರ ಯಂತ್ರವೊಂದನ್ನು ಇಟ್ಟುಕೊಂಡು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂದು ಅದಕ್ಕೆ ಹೆಸರಾಯಿತು. ಆ ಹೆಸರನ್ನೇ ಮುಂದೆ ಭಾರತ ಸರ್ಕಾರದ ರೇಡಿಯೋ ಸ್ವೀಕರಿಸಿತು. ದೇಶದ ಮನೆಮಾತಾದ ಹೆಸರೊಂದು ಮೈಸೂರಿನ ಒಂದು ಗೃಹಸ್ಥರ ಮನೆಯಲ್ಲಿ, ಒಬ್ಬ ಮೇಷ್ಟರ ಹವ್ಯಾಸದಿಂದ ಮೊಳೆಯಿತೆಂದ ಮೇಲೆ, ನಿಮ್ಮ ಮಗನ ಹಂಬಲವನ್ನು ಹುಡುಗಾಟವೆಂದು ತಳ್ಳಿಹಾಕುವುದು ಹೇಗೆ?

ಆದರೆ ತಾತನವರ ಭಯವೂ ನಿರಾಧಾರವಾದದ್ದಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದಾಗ ಸರ್ಕಾರವು ಹವ್ಯಾಸಿಗಳ ಪರವಾನಗಿಗಳನ್ನು ರದ್ದುಪಡಿಸಿ, ಪ್ರಸಾರ ಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತು. ಯುದ್ಧವು ತೀರಿದ ಮೇಲೆ ಹವ್ಯಾಸವೇನೋ ಮತ್ತೆ ಚಿಗುರಿತು. ಆದರೆ ‘ರೇಡಿಯೋ ಎಂದರೆ ಸರ್ಕಾರದ ಕಣ್ಣು’ ಎಂಬ ಅಳುಕು ಹಿರಿಯರಲ್ಲಿ ಉಳಿದುಕೊಂಡಿತು. ಇಂದಿಗೂ ಅದರಲ್ಲಿ ಸತ್ಯಾಂಶ ಉಂಟು. 1933ರ ವೈರ್‌ಲೆಸ್ ಕಾಯಿದೆಯಿಂದ ಹಿಡಿದು 2023ರ ದೂರಸಂಪರ್ಕ ಕಾಯಿದೆಯವರೆಗೆ ಕಾನೂನಿನ ಮಾತು ಒಂದೇ: ಅನುಮತಿಯಿಲ್ಲದೆ ಪ್ರಸಾರ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ. ಅಂಗಡಿಯವನು ಮಾರಿದನೆಂಬುದು ಇಲ್ಲಿ ಸಮಾಧಾನವಾಗಲಾರದು. ಆದಕಾರಣ ಎರಡನೆಯ ಪ್ರಶ್ನೆಗೆ ನನ್ನ ಉತ್ತರವು ಸ್ಪಷ್ಟವಾಗಿದೆ: ಈಗಲೇ ಕೊಡಿಸಬೇಡಿರಿ. ಮೊದಲು ಓದು, ಅನಂತರ ಪರೀಕ್ಷೆ, ಅನಂತರ ಪರವಾನಗಿ, ಕಡೆಯಲ್ಲಿ ಯಂತ್ರ.

ಈ ಪರೀಕ್ಷೆಯನ್ನು ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯು ನಡೆಸುತ್ತದೆ. ಹೈಸ್ಕೂಲಿನ ಮಕ್ಕಳೂ ಕುಳಿತುಕೊಳ್ಳಬಹುದು. ಅದರಲ್ಲಿ ಎರಡು ಭಾಗ: ವಿದ್ಯುತ್ತು, ತರಂಗ, ಆಂಟೆನಾ ಮೊದಲಾದವುಗಳ ತತ್ತ್ವ ಒಂದು; ಗಾಳಿಯಲ್ಲಿ ನಡೆದುಕೊಳ್ಳಬೇಕಾದ ನಿಯಮಗಳು ಇನ್ನೊಂದು. ಕೆಳಗಿನ ದರ್ಜೆಗೆ ಇಷ್ಟೇ ಸಾಕು. ಮೇಲಿನ ದರ್ಜೆಗೆ ಮೋರ್ಸ್ ಸಂಕೇತವನ್ನೂ ಕಲಿಯಬೇಕು. ಉತ್ತೀರ್ಣನಾದವನಿಗೆ ‘ವಿ ಯು 2’ ಅಥವಾ ‘ವಿ ಯು 3’ ಎಂದು ಮೊದಲಾಗುವ ಒಂದು ಕರೆಹೆಸರು ದೊರೆಯುತ್ತದೆ. ಅದು ಭೂಮಂಡಲದಲ್ಲಿ ಅವನೊಬ್ಬನದೇ. ತಂದೆಯವರ ಆಕ್ಷೇಪಣೆಗೆ ಇಲ್ಲಿಯೇ ಸಮಾಧಾನವುಂಟು. ಓಮನ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆಯುವ ಮಗುವು, ಅದನ್ನು ತಿಳಿಯದಿದ್ದರೆ ತನಗೆ ಕರೆಹೆಸರು ಬಾರದೆಂದು ಗೊತ್ತಾದಾಗ ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಅಮೆಚೂರ್ ರೇಡಿಯೋ ಕ್ಲಬ್ಬೂ ಹ್ಯಾಮ್ ತರಬೇತಿ ನೀಡುವ ಸಂಸ್ಥೆಗಳೂ ಇವೆ. ಪಾಠಕ್ಕೂ ಪರೀಕ್ಷೆಯ ವಿವರಕ್ಕೂ ಅವರನ್ನು ವಿಚಾರಿಸುವುದು ಒಳ್ಳೆಯದು.

ಇನ್ನು ಮಗನು ಕೇಳಿರುವ ಯಂತ್ರದ ವಿಚಾರ. ಅಂಗೈಯಗಲದ ಆ ಯಂತ್ರದ ಶಕ್ತಿಯು ಸುಮಾರು ಐದು ವಾಟು, ಎಂದರೆ ಒಂದು ಸಣ್ಣ ಎಲ್‌ಇಡಿ ದೀಪದಷ್ಟು. ಅದನ್ನು ಹಿಡಿದು ಸಿಂಗಟಗೆರೆಯಿಂದ ಮೂಡಿಗೆರೆಗೆ ಕೂಗಿದರೆ ಕೇಳಿಸುವುದೋ? ಕೇಳಿಸದು. ಇದಕ್ಕೆ ಕಾರಣವು ಶಕ್ತಿಯ ಕೊರತೆಗಿಂತ ಮಿಗಿಲಾಗಿ ಭೂಮಿಯ ಗುಂಡುತನ. ಈ ಯಂತ್ರಗಳು ಬಳಸುವ 144ರಿಂದ 146 ಮೆಗಾಹರ್ಟ್ಸಿನ ಅಲೆಗಳು ಬಹುಮಟ್ಟಿಗೆ ನೋಟದಂತೆ ನೇರವಾಗಿ ಸಾಗುತ್ತವೆ. ಕಣ್ಣಿಗೆ ದಿಗಂತವಿರುವಂತೆ ಅವುಗಳಿಗೂ ದಿಗಂತವಿದೆ. ಬಯಲಿನಲ್ಲಿ ನಿಂತ ಇಬ್ಬರು ಕೈಯಂತ್ರ ಹಿಡಿದು ಮಾತನಾಡಿದರೆ ಹತ್ತು ಕಿಲೋಮೀಟರಿನ ಆಚೆಗೆ ಧ್ವನಿಯು ಸೊರಗುತ್ತದೆ. ಇಬ್ಬರೂ ಮಾಳಿಗೆಯ ಮೇಲೆ ಮೂವತ್ತಡಿ ಎತ್ತರಕ್ಕೆ ಆಂಟೆನಾ ಏರಿಸಿದರೆ ಇಪ್ಪತ್ತೈದು ಕಿಲೋಮೀಟರು. ನಡುವೆ ಗುಡ್ಡವಿದ್ದರೆ ಅದೂ ಇಲ್ಲ.

ಹೀಗಿರಲು ಹವ್ಯಾಸಿಗಳು ಕಂಡುಕೊಂಡ ಉಪಾಯವೇ ರಿಪೀಟರು. ಜೋಳದ ಹೊಲದ ನಡುವೆ ಅಟ್ಟಣೆ ಕಟ್ಟಿ ಕಾವಲುಗಾರನೊಬ್ಬನು ಕುಳಿತಿರುವುದನ್ನು ನೀವು ಕಂಡಿರಬಹುದು. ಈ ಬದುವಿನಲ್ಲಿ ನಿಂತವನ ಕೂಗು ಆ ಬದುವಿನವನಿಗೆ ಕೇಳದು. ಅಟ್ಟಣೆಯವನಿಗೆ ಇಬ್ಬರದೂ ಕೇಳುತ್ತದೆ. ಅವನು ಇವನ ಮಾತನ್ನು ಹಾಗೆಯೇ ಗಟ್ಟಿಯಾಗಿ ಆ ಕಡೆಗೆ ಕೂಗಿ ಹೇಳಿದರೆ ಕೆಲಸವಾಯಿತು. ರಿಪೀಟರು ಬೆಟ್ಟದ ತಲೆಯ ಮೇಲೆ ಕುಳಿತ ಅಂಥ ಕಾವಲುಗಾರ. ಸಿಂಗಟಗೆರೆಯ ಬಯಲಿಗೆ ಪಡುವಣದಲ್ಲಿರುವ ಬಾಬಾಬುಡನ್ ಗಿರಿಸಾಲಿನಲ್ಲಿ ಮುಳ್ಳಯ್ಯನಗಿರಿಯು ಸಮುದ್ರಮಟ್ಟದಿಂದ ಸುಮಾರು 1930 ಮೀಟರ್ ಎತ್ತರವಿದೆ; ಕರ್ನಾಟಕದಲ್ಲಿ ಅದಕ್ಕಿಂತ ಎತ್ತರವಾದ ಶಿಖರವಿಲ್ಲ. ಅಂಥ ಎತ್ತರದಿಂದ ಬಯಲುಸೀಮೆಯ ಕಡೆಗೆ ಅಲೆಯ ದಿಗಂತವು ನೂರು ಕಿಲೋಮೀಟರಿಗೂ ಮಿಕ್ಕಿ ಹರಡುತ್ತದೆಂದು ಲೆಕ್ಕವು ಹೇಳುತ್ತದೆ. ಐದು ವಾಟಿನ ಯಂತ್ರವಿದ್ದವನೂ ಅಷ್ಟು ಎತ್ತರದ ಕಿವಿಯನ್ನು ಮುಟ್ಟಿದರೆ ಸಾಕು, ಆ ಎತ್ತರದ ಬಾಯಿಯೂ ಅವನದಾಗುತ್ತದೆ.

ಒಂದು ತೊಡಕುಂಟು. ಕೇಳುವುದನ್ನೂ ಹೇಳುವುದನ್ನೂ ಒಂದೇ ಕ್ಷಣದಲ್ಲಿ ಮಾಡಬೇಕಾದ ಯಂತ್ರವು ಎರಡಕ್ಕೂ ಒಂದೇ ಅಲೆಯನ್ನು ಬಳಸಿದರೆ ತನ್ನ ಕೂಗಿನಿಂದ ತಾನೇ ಕಿವುಡಾಗುತ್ತದೆ. ಆದಕಾರಣ ಎರಡು ಅಲೆಗಳನ್ನು ಬೇರ್ಪಡಿಸುತ್ತಾರೆ. ಈ ಪಟ್ಟಿಯಲ್ಲಿ ವಾಡಿಕೆಯ ಅಂತರವು 600 ಕಿಲೋಹರ್ಟ್ಸ್. ಉದಾಹರಣೆಗೆ, ರಿಪೀಟರು 145.600 ಮೆಗಾಹರ್ಟ್ಸಿನಲ್ಲಿ ನುಡಿಯುವುದಾದರೆ 145.000ದಲ್ಲಿ ಕೇಳುತ್ತದೆ. ನಮ್ಮ ಕೈಯಂತ್ರವನ್ನು ಇದಕ್ಕೆ ವಿಲೋಮವಾಗಿ ಅಣಿಗೊಳಿಸಬೇಕು. ಇದಲ್ಲದೆ ಅನೇಕ ರಿಪೀಟರುಗಳು ಒಂದು ಮಂದಶ್ರುತಿಯನ್ನು ಬಯಸುತ್ತವೆ. ತಂಬೂರಿಯ ನಾದವು ಹಾಡಿನ ಕೆಳಗೆ ಇರುವಂತೆ ಈ ಶ್ರುತಿಯು ಮಾತಿನ ಕೆಳಗೆ ಸದಾ ಇದ್ದರೆ ಮಾತ್ರ ಬೆಟ್ಟದ ಮೇಲಿನವನು ಬಾಗಿಲು ತೆರೆಯುತ್ತಾನೆ; ಗುಡುಗಿನ ಗೊರಗೊರಕ್ಕೂ ದಾರಿತಪ್ಪಿ ಬಂದ ಅಲೆಗೂ ತೆರೆಯುವುದಿಲ್ಲ. ಹೊಸಬರ ಯಂತ್ರವು ಬೆಟ್ಟವನ್ನು ಮುಟ್ಟದೆ ಹೋಗುವುದಕ್ಕೆ ಹತ್ತರಲ್ಲಿ ಎಂಟು ಸಲ ಈ ಎರಡರಲ್ಲೊಂದು ತಪ್ಪಿರುವುದೇ ಕಾರಣ. ಯಾವ ಬೆಟ್ಟದ ರಿಪೀಟರು ಈಗ ನಡೆಯುತ್ತಿದೆ, ಅದರ ಅಲೆ ಯಾವುದು, ಶ್ರುತಿ ಯಾವುದು ಎಂಬುದನ್ನು ಪರವಾನಗಿಯುಳ್ಳ ಹವ್ಯಾಸಿಯೊಬ್ಬರನ್ನೇ ಕೇಳಿ ತಿಳಿಯತಕ್ಕದ್ದು. ಇವು ಸಿಡಿಲಿಗೆ ಸುಟ್ಟುಹೋಗುವುದೂ ರಿಪೇರಿಯಾಗುವುದೂ ಬದಲಾಗುವುದೂ ಉಂಟು.

ಯಂತ್ರವು ಕೈಗೆ ಬಂದ ದಿವಸ ಏನು ಮಾಡಬೇಕು? ಸುಮ್ಮನೆ ಕೇಳಬೇಕು. ಒಂದು ವಾರ ಕೇಳಿದರೂ ನಷ್ಟವಿಲ್ಲ. ಯಾರು ಯಾವ ಹೊತ್ತಿಗೆ ಬರುತ್ತಾರೆ, ಹೇಗೆ ಒಬ್ಬರ ಮಾತು ಮುಗಿದ ಮೇಲೆ ಒಂದೆರಡು ಕ್ಷಣ ಬಿಟ್ಟು ಇನ್ನೊಬ್ಬರು ಮೊದಲುಮಾಡುತ್ತಾರೆ ಎಂಬುದನ್ನು ಗಮನಿಸಬೇಕು. ಅನಂತರ ಗುಂಡಿಯನ್ನು ಒತ್ತಿ, ಒಂದು ಕ್ಷಣ ತಡೆದು, ತನ್ನ ಕರೆಹೆಸರನ್ನು ಬಿಡಿಬಿಡಿಯಾಗಿ ಹೇಳಿ, “ಕೇಳುತ್ತಿದ್ದೇನೆ” ಎಂದರೆ ಸಾಕು. ತಡೆಯುವುದು ಏತಕ್ಕೆಂದರೆ, ಬೆಟ್ಟದ ಯಂತ್ರವು ಎಚ್ಚರಗೊಳ್ಳಲು ಅರೆಕ್ಷಣ ಬೇಕು. ಆತುರಪಟ್ಟರೆ ಹೆಸರಿನ ತಲೆಯೇ ಹಾರಿಹೋಗುತ್ತದೆ. ‘ವಿ’, ‘ಬಿ’, ‘ಡಿ’ಗಳು ಒಂದಕ್ಕೊಂದು ಬೆರೆಯುವುದರಿಂದ ‘ವಿಕ್ಟರ್’, ‘ಬ್ರಾವೊ’, ‘ಡೆಲ್ಟಾ’ ಎಂದು ಪದಗಳಿಂದ ಅಕ್ಷರ ಹೇಳುವುದು ಎಲ್ಲ ದೇಶಗಳ ಪದ್ಧತಿ. ಯಾರಾದರೂ ಉತ್ತರಿಸುತ್ತಾರೆ. ಊರು ಯಾವುದು, ಧ್ವನಿ ಹೇಗೆ ಕೇಳುತ್ತಿದೆ ಎಂದು ಕೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವುಂಟು: ನಮ್ಮ ಯಂತ್ರದ ಮುಳ್ಳು ತೋರಿಸುವ ಬಲವು ಬೆಟ್ಟದ ರಿಪೀಟರಿನದು, ಗೆಳೆಯನದಲ್ಲ. ಆದ್ದರಿಂದ “ಬಹಳ ಬಲವಾಗಿ ಬರುತ್ತಿದ್ದೀರಿ” ಎನ್ನುವುದು ಅರ್ಥವಿಲ್ಲದ ಮಾತು. “ಮಾತು ಸ್ಪಷ್ಟವಾಗಿದೆ” ಅಥವಾ “ನಡುವೆ ಒಡೆಯುತ್ತಿದೆ” ಎಂದರೆ ಅವನಿಗೆ ಉಪಕಾರ. ಬೀಳ್ಕೊಡುವಾಗ ‘73’ ಎನ್ನುವ ವಾಡಿಕೆಯುಂಟು. ಹಳೆಯ ತಂತಿ ಗುಮಾಸ್ತರಿಂದ ಬಂದ ಆ ಸಂಖ್ಯೆಗೆ ‘ಶುಭಾಶಯ’ವೆಂದು ಅರ್ಥ.

ವ್ಯಾಪಾರದ ಮಾತು, ಸಂಗೀತದ ಪ್ರಸಾರ, ಬೈಗುಳ, ಗುಪ್ತಸಂಕೇತ—ಇವು ಗಾಳಿಯಲ್ಲಿ ನಿಷಿದ್ಧ. ಇವುಗಳನ್ನು ಪರೀಕ್ಷೆಯ ಪುಸ್ತಕವೇ ಹೇಳುತ್ತದೆ. ಪುಸ್ತಕವು ಅಷ್ಟು ಒತ್ತಿ ಹೇಳದ ಒಂದು ಪಾಠವನ್ನು ನಾನು ನಾಚಿಕೆಪಟ್ಟು ಕಲಿತೆನು. ಅದನ್ನು ಮರೆಮಾಡದೆ ಹೇಳುತ್ತೇನೆ.

ನನಗೆ ಪರವಾನಗಿ ಬಂದ ಹೊಸತು. ಒಂದು ಸಂಜೆ ರಿಪೀಟರಿನಲ್ಲಿ ಹಿರಿಯರೊಬ್ಬರು ದೊರೆತರು. “ನಿಮ್ಮ ಕಡೆ ಮಳೆ ಹೇಗೆ?” ಎಂದು ಅವರು ಕೇಳಿದ್ದೇ ನೆಪವಾಗಿ, ನಾನು ಗುಂಡಿಯನ್ನು ಒತ್ತಿ ಹಿಡಿದು ಮಳೆ, ಬಿತ್ತನೆ, ರಾಗಿಯ ಬೆಲೆ, ನನ್ನ ಹೊಸ ಆಂಟೆನಾ ಎಂದು ಹೇಳುತ್ತ ಹೋದೆನು. ಯಾರೂ ಬಹಳ ಹೊತ್ತು ಬಾಯಿ ಆಕ್ರಮಿಸಬಾರದೆಂದು ರಿಪೀಟರಿನಲ್ಲಿ ಒಂದು ಗಡಿಯಾರವನ್ನು ಇಟ್ಟಿರುತ್ತಾರೆ. ಅವಧಿ ಮೀರಿದೊಡನೆ ಅದು ಮಾತನ್ನು ಕತ್ತರಿಸುತ್ತದೆ. ಒತ್ತಿದವನು ಬೆರಳು ತೆಗೆಯುವವರೆಗೆ ಮತ್ತೆ ಬಾಯಿ ತೆರೆಯುವುದಿಲ್ಲ. ನನ್ನ ಮಾತು ಕತ್ತರಿಸಿಹೋಗಿ ಎಷ್ಟೋ ಹೊತ್ತಾಗಿದ್ದರೂ ನನಗೆ ತಿಳಿಯದು. ಕೇಳುವವರೇ ಇಲ್ಲದ ಮಾತನ್ನು ಆಡುತ್ತಲೇ ಇದ್ದೆನು. ಕಡೆಗೆ ಬೆರಳು ತೆಗೆದಾಗ ಬೇರೊಂದು ದನಿ ಕೇಳಿಸಿತು. ಘಟ್ಟದ ದಾರಿಯಲ್ಲಿ ಅವರ ಕಾರು ಕೆಟ್ಟು ನಿಂತಿತ್ತು. ಮೊಬೈಲು ಮುಟ್ಟದ ತಿರುವು. ಒಳಗೆ ಜ್ವರದ ಮಗು. ಅವರು ಕರೆಯಲು ಕಾಯುತ್ತಿದ್ದರು. ನಾನು ಬೆಟ್ಟದ ಬಾಯನ್ನು ಮುಚ್ಚಿ ಕುಳಿತಿದ್ದೆನು.

ಹಿರಿಯರು ಅವರ ಗುರುತನ್ನು ಕೇಳಿಕೊಂಡು, ಫೋನು ಮಾಡಿ, ಹತ್ತಿರದ ಊರಿನಿಂದ ಗಾಡಿಯೊಂದನ್ನು ಕಳುಹಿಸಿದರು. ಮಗುವಿಗೆ ಗುಣವಾಯಿತೆಂದು ಮಾರನೆಯ ದಿವಸ ತಿಳಿಯಿತು. ನನ್ನನ್ನು ಅವರು ಬೈಯಲಿಲ್ಲ. “ತಮ್ಮಾ, ಇದು ಊರ ಬಾವಿ. ಹಗ್ಗವನ್ನು ಒಬ್ಬನೇ ಹಿಡಿದು ನಿಲ್ಲಬಾರದು. ನೀನು ಒಂದು ಕೊಡ ಸೇದಿ ಪಕ್ಕಕ್ಕೆ ಸರಿ, ಬಾಯಾರಿದವನು ಯಾವಾಗ ಬರುತ್ತಾನೋ ಹೇಳಲಾಗದು” ಎಂದರು. ಅಂದಿನಿಂದ ನಾನು ಪ್ರತಿಯೊಂದು ಮಾತಿನ ನಡುವೆ ಎರಡು ಎಣಿಸುವಷ್ಟು ತೆರಪನ್ನು ಬಿಡುತ್ತೇನೆ. ಆ ತೆರಪಿನಲ್ಲಿ ಯಾರಾದರೂ “ಬ್ರೇಕ್” ಎಂದರೆ, ಅಥವಾ ಕರೆಹೆಸರನ್ನು ಹೇಳಿದರೆ, ಉಳಿದೆಲ್ಲರೂ ಮಾತು ನಿಲ್ಲಿಸಿ ಅವರಿಗೆ ದಾರಿ ಬಿಡಬೇಕು. ನಿಮ್ಮ ಮಗನಿಗೆ ನಾನು ಕಲಿಸಬೇಕೆಂದಿರುವ ಮುಖ್ಯವಾದ ವಿದ್ಯೆ ಇದೇ.

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ತಾಯಿ, ಇದರ ಉತ್ತರದಲ್ಲಿ ಸುಳ್ಳು ಭರವಸೆ ಕೊಡಲಾರೆನು. ರೇಡಿಯೋವಿನಲ್ಲಿ ಮಾತನಾಡಲು ಎರಡು ಕಡೆಯೂ ಪರವಾನಗಿಯುಳ್ಳವರು ಬೇಕು. ನಾದಿನಿಯವರ ಊರಿನ ಹತ್ತಿರ ಒಬ್ಬ ಹವ್ಯಾಸಿಯೂ ಇಲ್ಲದಿದ್ದರೆ ನಿಮ್ಮ ಮಗನ ಕೂಗಿಗೆ ಉತ್ತರವಿಲ್ಲ. ಬೆಟ್ಟದ ರಿಪೀಟರಿಗೂ ಬ್ಯಾಟರಿಯ ಮಿತಿಯುಂಟು, ಸಿಡಿಲಿನ ಭಯವುಂಟು. ಇತರರ ಸಂದೇಶವನ್ನು ದಿನನಿತ್ಯವೂ ಒಯ್ಯುವ ಅಂಚೆಯನ್ನಾಗಿ ಇದನ್ನು ಬಳಸುವಂತಿಲ್ಲ. ವಿಪತ್ತಿನ ಕಾಲದ ಮಾತು ಬೇರೆ. ಇದು ಫೋನಿಗೆ ಬದಲಿಯಲ್ಲ. ಫೋನು ಸತ್ತ ದಿವಸ ಉಳಿಯಬಹುದಾದ ಒಂದು ಎಳೆ, ಅಷ್ಟೇ.

ಆದರೆ ಆ ಎಳೆಯ ಬೆಲೆಯನ್ನು ಒಬ್ಬ ಗೃಹಿಣಿಯು ಲೋಕಕ್ಕೆ ತೋರಿಸಿದ್ದಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿಯು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ದೂರದ ದೇಶಗಳ ಹವ್ಯಾಸಿಗಳೊಡನೆ ಆ ದ್ವೀಪದಿಂದ ಮಾತನಾಡುವುದೇ ಅವರ ಉದ್ದೇಶ. ನೋಡುವವರಿಗೆ ಕೇವಲ ಒಂದು ವಿನೋದ. 26ನೆಯ ತಾರೀಕು ಬೆಳಗ್ಗೆ ಭೂಮಿ ನಡುಗಿ, ಸಮುದ್ರವು ಉಕ್ಕಿ ಬಂದಿತು. ಫೋನುಗಳು ನಿಂತವು. ಆ ಹೊತ್ತಿನಲ್ಲಿ ಅವರ ಯಂತ್ರದಿಂದ ಹೊರಟ ಮಾತು ಭರತಖಂಡದ ಹವ್ಯಾಸಿಗಳನ್ನು ಮುಟ್ಟಿತು. ಮುಂದೆ ಅನೇಕ ದಿವಸ, ದ್ವೀಪದಲ್ಲಿ ಬದುಕುಳಿದವರ ಸುದ್ದಿಯು ಅವರ ಹಾಗೂ ಜತೆಯವರ ಮೂಲಕ ಕಾತರದಿಂದ ಕಾಯುತ್ತಿದ್ದ ಮನೆಗಳಿಗೆ ಹೋಯಿತು. ಎಷ್ಟು ಜಗುಲಿಗಳ ಮೇಲೆ ಎಷ್ಟು ಅಜ್ಜಿಯರು ಊಟ ಬಿಟ್ಟು ಕುಳಿತಿದ್ದರೋ! ವಿಪತ್ತು ಬಂದ ದಿವಸವೇ ಅವರು ಯಂತ್ರವನ್ನು ಹಿಡಿಯಲು ಕಲಿತವರಲ್ಲ. ವರ್ಷಗಟ್ಟಲೆ ವಿನೋದಕ್ಕೆಂದು ಮಾಡಿದ ಅಭ್ಯಾಸವು ಅಂದು ಕೈಗೆ ಬಂದಿತು. ಈಚೆಯ ದಡದಲ್ಲಿ ಕೇಳುವ ಅಭ್ಯಾಸವಿದ್ದವರು ಇದ್ದುದರಿಂದ ಅದು ಸಾರ್ಥಕವಾಯಿತು.

ಬೆಟ್ಟದ ರಿಪೀಟರು ಎಟುಕದಿದ್ದರೆ ಸಿಂಗಟಗೆರೆಯಲ್ಲಿ ಬೇರೆ ಸಾಧನವೂ ಉಂಟು. ಅದು ನಿಮ್ಮ ತೋಟದಲ್ಲಿಯೇ ನಿಂತಿದೆ. 7 ಮೆಗಾಹರ್ಟ್ಸಿನ ಅಲೆಯು ಮೇಲಕ್ಕೆ ಹೋಗಿ, ವಾಯುಮಂಡಲದ ಮೇಲ್ಪದರದಲ್ಲಿ ಬಾಗಿ, ಕೆಳಗಿಳಿಯುತ್ತದೆ; ಹಗಲಿನಲ್ಲಿ ನಮ್ಮ ರಾಜ್ಯದ ಉದ್ದಗಲಕ್ಕೂ ಗುಡ್ಡಗಳನ್ನು ದಾಟಿ ಬೀಳಬಲ್ಲದು. ಅದಕ್ಕೆ ಬೇಕಾದುದು ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿ, ನಡುವೆ ಕತ್ತರಿಸಿ ಕೇಬಲ್ ಜೋಡಿಸಿದ್ದು. ಕಟ್ಟಲು ಎರಡು ತೆಂಗಿನ ಮರ. ಇದಕ್ಕೆ ತಕ್ಕ ಯಂತ್ರವು ಬೇರೆಯಾದುದರಿಂದ ಇದು ಎರಡನೆಯ ಮೆಟ್ಟಿಲು. ಇನ್ನೂ ಮೇಲೆ ನೋಡುವ ಮನಸ್ಸಿದ್ದರೆ ಆಕಾಶದಲ್ಲಿಯೂ ರಿಪೀಟರುಗಳು ತಿರುಗುತ್ತವೆ. ನಮ್ಮ ಇಸ್ರೋ ಸಂಸ್ಥೆಯು 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿಸಿದ ‘ಹ್ಯಾಮ್‌ಸ್ಯಾಟ್’ ಎಂಬ 42 ಕಿಲೋಗ್ರಾಮಿನ ಪುಟ್ಟ ಉಪಗ್ರಹವು ಹವ್ಯಾಸಿಗಳಿಗಾಗಿಯೇ ಇದ್ದು, 2014ರವರೆಗೆ ಅವರ ಮಾತುಗಳನ್ನು ದೇಶದಿಂದ ದೇಶಕ್ಕೆ ದಾಟಿಸಿತು. ಅದರೊಳಗಿನ ಒಂದು ಯಂತ್ರವನ್ನು ನೆದರ್‌ಲೆಂಡ್ಸಿನ ಒಬ್ಬ ವಿದ್ಯಾರ್ಥಿಯು ರಚಿಸಿದ್ದನೆಂಬುದನ್ನು ನಿಮ್ಮ ಮಗನಿಗೆ ಓದಿ ಹೇಳಿರಿ.

ಗೃಹಿಣಿಯರ ಗಮನಕ್ಕೆ ಎರಡು ಎಚ್ಚರಿಕೆ. ಆಂಟೆನಾದ ತಂತಿಯು ವಿದ್ಯುತ್ ತಂತಿಯ ಮೇಲಾಗಲಿ ಕೆಳಗಾಗಲಿ ಹಾಯಬಾರದು. ಗಾಳಿಗೆ ಹರಿದು ಬಿದ್ದರೂ ಅದನ್ನು ಮುಟ್ಟದಷ್ಟು ದೂರವಿರಬೇಕು. ಗುಡುಗು ದೂರದಲ್ಲಿ ಕೇಳಿದೊಡನೆ ಮಾತು ನಿಲ್ಲಿಸಿ, ಆಂಟೆನಾದ ಕೇಬಲನ್ನು ಯಂತ್ರದಿಂದ ಬಿಡಿಸಿ ಮನೆಯ ಹೊರಗೆ ಇಡಬೇಕು. ಮಾತು ಅರ್ಧಕ್ಕೆ ನಿಂತರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಾಯಿ, ನನ್ನ ಸಲಹೆ ಇಷ್ಟು. ಮಗನ ಹಣವು ಪೆಟ್ಟಿಗೆಯಲ್ಲಿಯೇ ಇರಲಿ. ಈ ಬೇಸಗೆಯ ರಜೆಯಲ್ಲಿ ಪರೀಕ್ಷೆಯ ಪುಸ್ತಕವನ್ನು ತರಿಸಿಕೊಡಿರಿ. ತಂದೆಯವರು ವಾರಕ್ಕೊಮ್ಮೆ ಪ್ರಶ್ನೆ ಕೇಳಲಿ. ತಾತನವರನ್ನು ಒಮ್ಮೆ ಪರವಾನಗಿಯುಳ್ಳ ಹವ್ಯಾಸಿಯ ಮನೆಗೆ ಜತೆಯಲ್ಲಿ ಕರೆದೊಯ್ಯಿರಿ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಕಾರದ ಪರವಾನಗಿಯನ್ನು ಕಣ್ಣಾರೆ ಕಂಡರೆ ಅವರ ಅಳುಕು ತಾನೇ ಕರಗುವುದು. ಮೂಡಿಗೆರೆಯ ಕಡೆ, ನಾದಿನಿಯವರ ಊರಿನ ಶಾಲೆಯಲ್ಲಿ, ಇದೇ ಹಂಬಲವುಳ್ಳ ಇನ್ನೊಬ್ಬ ಹುಡುಗನೋ ಹುಡುಗಿಯೋ ಇರಲಾರರೇ? ವಿಚಾರಿಸಿ ನೋಡಿರಿ. ಇಬ್ಬರೂ ಒಂದೇ ವರ್ಷ ಪರೀಕ್ಷೆಗೆ ಕುಳಿತರೆ ನಿಮ್ಮ ಮೂರನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವು ಬದಲಾಗಬಹುದು.

ಮಗುವಿಗೆ ಪರವಾನಗಿ ಬಂದ ದಿವಸ ನನಗೆ ಒಂದು ಸಾಲು ಬರೆಯಿರಿ. ಅವನ ಮೊದಲ ಕರೆಗೆ ಯಾರಾದರೂ ಉತ್ತರಿಸುವವರು ಇರಬೇಕಲ್ಲವೇ? ಆ ಸಂಜೆ ನಾನು ಕೇಳುತ್ತ ಕುಳಿತಿರುತ್ತೇನೆ. ಅಜ್ಜಿಯವರನ್ನೂ ಅವನ ಪಕ್ಕದಲ್ಲಿ ಕೂರಿಸಿರಿ.

ಮುಂದಿನ ಸಂಚಿಕೆಯಲ್ಲಿ ತೆಂಗಿನ ಮರದ ನಡುವೆ ತಂತಿ ಕಟ್ಟುವ ಕ್ರಮವನ್ನು ಅಳತೆಗಳೊಡನೆ ವಿವರಿಸುತ್ತೇನೆ.